ಒಂದು ಸುತ್ತಿಗೆ ಇನ್ನೂರ ನಾಲ್ಕು ಮೀಟರ್

ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನಮ್ಮ ಬಸ್ಸು ಶಿವಮೊಗ್ಗ ಬಿಟ್ಟಿತು. ಆರಕ್ಕೆ ಹೊರಡಬೇಕಾದ ಬಸ್ಸು. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಅಥ್ಲೆಟಿಕ್ಸ್ ಕೋಚ್ ಆಗಿದ್ದವನಿಗೆ ಇಪ್ಪತ್ತು ನಿಮಿಷ ಸಣ್ಣ ವಿಷಯವಲ್ಲ. ಡ್ರೈವರನ ಹತ್ತಿರ ಹೋಗಿ ಹೇಳಿಯೂ ಬಂದೆ. ಅವನು ಟೀ ಲೋಟ ಕೆಳಗಿಡದೆ, "ಕೂತ್ಕಳಿ ಸರ್, ಕೊಪ್ಪ ಎಲ್ಲಿಗೂ ಓಡಿಹೋಗಲ್ಲ" ಎಂದ. ಟಿಕೆಟ್ಟು ನೂರಾ ಹತ್ತು ರೂಪಾಯಿ, ದೂರ ಸುಮಾರು ಎಂಬತ್ತೈದು ಕಿಲೋಮೀಟರ್.

ಹೊರಟ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತ ಕೋಚ್‌ಗಳಿಗೆ ಕೊಡುವ ಒಂದು ಪ್ರಶಸ್ತಿಗೆ ನಾನು ಅರ್ಜಿ ಹಾಕುವವನಿದ್ದೆ. ಅದಕ್ಕೆ ಎರಡು ಕಾಗದ ಬೇಕು. ಒಂದು, ಪದಕ ಗೆದ್ದ ಶಿಷ್ಯರು "ನನ್ನನ್ನು ತಯಾರು ಮಾಡಿದವರು ಇವರೇ" ಎಂದು ಬರೆದುಕೊಟ್ಟ ಪತ್ರ. ಇನ್ನೊಂದು, ಆ ಶಿಷ್ಯರಿಗೆ ಮೊದಲು ಬೇರೆ ಕೋಚ್ ಇದ್ದಿದ್ದರೆ ಅವರ ಒಪ್ಪಿಗೆಯ ಸಹಿ. ನನ್ನ ಇಡೀ ವೃತ್ತಿಯಲ್ಲಿ ರಾಷ್ಟ್ರಮಟ್ಟದ ಪದಕ ಒಂದೇ. ಕೊಪ್ಪದ ಹತ್ತಿರದ ಭಂಡಿಗಡಿಯ ಶಶಿಕಲಾ, ಐದು ಸಾವಿರ ಮೀಟರ್ ಓಟ, ಬೆಳ್ಳಿ. ಅವಳೀಗ ಶೃಂಗೇರಿಯಲ್ಲಿ ಹೈಸ್ಕೂಲಿನ ಪಿ.ಟಿ. ಟೀಚರ್. ಅವಳ ಮೊದಲ ಕೋಚ್ ಇಸ್ಮಾಯಿಲ್. ಕೊಪ್ಪದ ಕಾಲೇಜಿನಲ್ಲಿದ್ದು ನಿವೃತ್ತನಾಗಿ ಈಗ ತನ್ನೂರು ನರಸಿಂಹರಾಜಪುರದಲ್ಲಿದ್ದಾನೆ. ತರಬೇತಿ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ರೂಮಿನವರು. ಅವನನ್ನು ಕಂಡರೆ ನನಗೆ ಆವತ್ತಿನಿಂದಲೂ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ವಯಸ್ಸು ಅರವತ್ತಮೂರಾಯಿತು.

ತೀರ್ಥಹಳ್ಳಿಯಲ್ಲಿ ಕಂಡಕ್ಟರ್ ಬದಲಾದ. ಮೂವತ್ತರ ಆಸುಪಾಸಿನವನು, ತೆಳ್ಳಗೆ, ಬಾಗಿಲಲ್ಲಿ ಒಂದೇ ಕಾಲಲ್ಲಿ ನಿಲ್ಲುವ ಜಾತಿ. ನನ್ನ ಕೊರಳಲ್ಲಿದ್ದ ಸ್ಟಾಪ್‌ವಾಚ್ ನೋಡಿ, "ಸರ್ ನೀವು ಕೋಚಾ?" ಎಂದು ಕೇಳಿದ. ಹೌದೆಂದೆ. ಅಬ್ಬಾ, ಒಬ್ಬನಾದರೂ ಗುರುತಿಸಿದನಲ್ಲ ಎಂದು ನೆಟ್ಟಗೆ ಕೂತೆ. "ಹಾಗಾರೆ ನಮ್ಮ ಇಸ್ಮಾಯಿಲ್ ಸರ್ ಗೊತ್ತಿರ್ಬೇಕಲ್ಲ? ನಾನು ಅವ್ರ ಹತ್ರ ಹದಿನೈದುನೂರು ಓಡ್ತಿದ್ದೆ. ದೇವ್ರಂಥ ಮನುಷ್ಯ ಮಾರಾಯ್ರೆ." ಗೊತ್ತು ಎಂದು ಕಿಟಕಿಯ ಕಡೆ ತಿರುಗಿದೆ. ಶಿವಮೊಗ್ಗದಲ್ಲಿ ನನ್ನ ಶಿಷ್ಯರೂ ಕಂಡಕ್ಟರುಗಳಾಗಿದ್ದಾರೆ. ನನ್ನನ್ನು ಕಂಡರೆ ಚಿಲ್ಲರೆ ಎಣಿಸುವವರಂತೆ ತಲೆ ತಗ್ಗಿಸುತ್ತಾರೆ.

ಕೊಪ್ಪದಲ್ಲಿ ಇಳಿದಾಗ ಒಂಬತ್ತೂ ಕಾಲು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್, ಒಂದು ಕಾಫಿ. ಬನ್ಸ್ ಬಿಸಿಯಾಗಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಶೃಂಗೇರಿ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಕಾಲು ತಾನಾಗಿಯೇ ಕಾಲೇಜಿನ ಏರು ಹತ್ತಿತು. ಇಸ್ಮಾಯಿಲ್ ಇನ್ನೂರು ಮೀಟರ್ ಟ್ರ್ಯಾಕ್ ಹಾಕುತ್ತಿದ್ದ ಮೈದಾನ ಅಲ್ಲಿತ್ತು ಎಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಈಗ ನೋಡಿದರೆ ಆ ಜಾಗದಲ್ಲಿ ಎರಡಂತಸ್ತಿನ ಕಟ್ಟಡ, ಉಳಿದಷ್ಟರಲ್ಲಿ ಸಾಲಾಗಿ ಸ್ಕೂಟರುಗಳು. ಇನ್ನು ಯಾರೂ ಅದನ್ನು ಅಳೆಯಲಾರರು. ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಯಾಕೆಂದರೆ ಆ ಮೈದಾನದ ಬಗ್ಗೆ ನಾನೊಂದು ಸುಳ್ಳು ಹೇಳಿದ್ದೆ. ಹದಿನೆಂಟು ವರ್ಷದ ಹಿಂದೆ ಮಳೆ ಬಂದು ಅಂತರ ಕಾಲೇಜು ಕೂಟದ ದೂರದ ಓಟಗಳು ರದ್ದಾದವು. ಕಾಲೇಜುಗಳು ಕಳಿಸಿದ ಟೈಮಿಂಗ್ ನೋಡಿ ವಿಶ್ವವಿದ್ಯಾಲಯದ ತಂಡ ಆರಿಸುವುದೆಂದು ತೀರ್ಮಾನವಾಯಿತು. ಕೊಪ್ಪದಿಂದ ಬಂದ ಹಾಳೆಯಲ್ಲಿ ಶಶಿಕಲಾ ಎಂಬ ಹುಡುಗಿಯ ಹೆಸರಿನ ಮುಂದೆ ಹದಿನೆಂಟು ನಿಮಿಷ ನಲವತ್ತು ಸೆಕೆಂಡ್ ಎಂದಿತ್ತು. ನನ್ನ ಹುಡುಗಿ ಅದಕ್ಕಿಂತ ಮುಕ್ಕಾಲು ನಿಮಿಷ ಹಿಂದೆ. ಮೈಯೆಲ್ಲ ಉರಿದುಹೋಯಿತು. ಆಯ್ಕೆ ಸಭೆಯಲ್ಲಿ ಎದ್ದು ನಿಂತು, "ಆ ಟ್ರ್ಯಾಕನ್ನು ನಾನೇ ಅಳೆದಿದ್ದೇನೆ, ಸುತ್ತಿಗೆ ಎಂಟು ಮೀಟರ್ ಕಡಿಮೆ ಇದೆ" ಎಂದೆ. ಇಸ್ಮಾಯಿಲ್ ಆ ಸಭೆಯಲ್ಲಿರಲಿಲ್ಲ, ಉಳಿದವರು ಮರುಪ್ರಶ್ನೆ ಹಾಕಲಿಲ್ಲ. ನನ್ನ ಹುಡುಗಿ ತಂಡಕ್ಕೆ ಹೋಗಿ ಕೊನೆಯವಳಾಗಿ ಬಂದಳು. ಮರುವರ್ಷ ನಾನು ಹಾಸ್ಟೆಲ್ ಸೀಟಿನ ಆಸೆ ತೋರಿಸಿ ಶಶಿಕಲಾಳನ್ನೇ ನಮ್ಮ ಕಾಲೇಜಿಗೆ ಎಳೆದುಕೊಂಡೆ. ಕಾಲೇಜು ಕೋಚ್‌ಗಳಲ್ಲಿ ಇದೆಲ್ಲ ನಡೆಯುವುದೇ. ಆದರೆ ಸಭೆಯಲ್ಲಿ ಹೇಳಿದ ಮಾತು ನಡೆಯುವಂಥದ್ದಲ್ಲ ಎಂದು ನನಗೆ ಆಗಲೂ ಗೊತ್ತಿತ್ತು.

ಕೊಪ್ಪದಿಂದ ಶೃಂಗೇರಿ ಮೂವತ್ತು ಕಿಲೋಮೀಟರ್ ಇರಬಹುದು, ತಿರುವುಗಳನ್ನು ಬಿಡಿಸಿದರೆ ಇನ್ನೂ ಹೆಚ್ಚು. ಹನ್ನೊಂದೂ ಕಾಲಿಗೆ ಇಳಿದೆ. ಸೆಖೆಯೋ ಸೆಖೆ. ದರ್ಶನ ಮುಗಿಸಿ, ಮಠದ ಪಂಕ್ತಿಯಲ್ಲಿ ಅನ್ನ ಸಾರು ಪಾಯಸ ಉಂಡು, ತುಂಗೆಯ ಮೆಟ್ಟಿಲ ಹತ್ತಿರದ ಲಾಡ್ಜಿನಲ್ಲಿ ನಾನೂರು ರೂಪಾಯಿಗೆ ರೂಮು ಹಿಡಿದು ಒಂದು ನಿದ್ದೆ ತೆಗೆದೆ. ನಾಲ್ಕು ಗಂಟೆಗೆ ಶಶಿಕಲಾಳ ಶಾಲೆಗೆ ಹೋದಾಗ ಅವಳು ಬೇಸಿಗೆ ಶಿಬಿರದ ಮಕ್ಕಳನ್ನು ಓಡಿಸುತ್ತಿದ್ದಳು.

"ಅಯ್ಯೋ, ದೇವೇಂದ್ರ ಸರ್! ಎಂತ ಸರ್, ಒಂದು ಫೋನ್ ಮಾಡಿದ್ರೆ ಬಸ್‌ಸ್ಟ್ಯಾಂಡಿಗೇ ಬರ್ತಿದ್ನಲ್ಲ" ಎಂದು ಓಡಿ ಬಂದಳು. ಮೂವತ್ತೇಳಾದರೂ ಹೆಜ್ಜೆ ಹಗುರ. ವಿಷಯ ಹೇಳಿದೆ. ಒಂದು ಕ್ಷಣವೂ ಯೋಚಿಸದೆ ಸ್ಟಾಫ್ ರೂಮಿನಲ್ಲಿ ಕೂತು ಬರೆದುಕೊಟ್ಟಳು. ನಾನು ಇಷ್ಟು ಸುಲಭವೆಂದು ಎಣಿಸಿರಲಿಲ್ಲ. ಓದಿದೆ. ಮೂರನೆಯ ಸಾಲು ಹೀಗಿತ್ತು: "ಕೊಪ್ಪದಲ್ಲಿ ನಾನು ಓಡಿದ ಟೈಮಿಂಗ್ ನಿಜವಾದದ್ದಾಗಿರಲಿಲ್ಲ. ನನ್ನ ನಿಜವಾದ ಓಟ ಶುರುವಾದದ್ದು ದೇವೇಂದ್ರ ಸರ್ ಕೈಕೆಳಗೆ."

"ಈ ಸಾಲು ಬೇಕಾ?" ಎಂದೆ.

"ಇದ್ದದ್ದೇ ಅಲ್ವಾ ಸರ್? ಇಸ್ಮಾಯಿಲ್ ಸರ್ರೇ ಒಪ್ಕಂಡಿದ್ರು. ನಂಗೆ ಆಗ ಎಷ್ಟು ನಾಚಿಕೆ ಆಗಿತ್ತು ಅಂದ್ರೆ, ಊರಲ್ಲಿ ಎಲ್ರಿಗೂ ಯೂನಿವರ್ಸಿಟಿ ಟೀಮಿಗೆ ಹೋಗ್ತೀನಿ ಅಂತ ಹೇಳ್ಕಂಡು ತಿರುಗಿದ್ದೆ. ಸುಳ್ಳು ಟೈಮಿಂಗ್ ಹುಡುಗಿ ಅಂತ ಕ್ಲಾಸಲ್ಲಿ ಕರೀತಿದ್ರು." ಅವಳು ನಕ್ಕಳು. ನಾನು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ. ಆವತ್ತು ರಾತ್ರಿ ಊಟ ಸೇರಲಿಲ್ಲ; ಮಧ್ಯಾಹ್ನದ ಪಾಯಸ ಹೆಚ್ಚಾಗಿರಬೇಕು ಎಂದುಕೊಂಡು ಮಲಗಿದೆ.

ಮರುದಿನ ಬಾಳೆಹೊನ್ನೂರಿನ ಮೇಲೆ ಹೋದೆ. ಅಲ್ಲಿ ಬಸ್ಸು ಬದಲಿಸುವಾಗ ಅರ್ಧ ಗಂಟೆ ಬಿಡುವು. ಕಾಫಿ ಪುಡಿ ಅರ್ಧ ಕಿಲೋ ಕೊಂಡೆ. ಅಂಗಡಿಯವನೂ ಇಸ್ಮಾಯಿಲನ ಯಾವನೋ ಶಿಷ್ಯನ ಅಪ್ಪನಾಗಿದ್ದರೆ ಎಂದು ಹೆದರಿ ಮಾತು ಬೆಳೆಸಲಿಲ್ಲ. ಹನ್ನೊಂದೂವರೆಗೆ ನರಸಿಂಹರಾಜಪುರ. ಇಸ್ಮಾಯಿಲನ ತಮ್ಮನ ಚಪ್ಪಲಿ ಅಂಗಡಿಯಲ್ಲಿ ಕೇಳಿದೆ. ತಮ್ಮ, "ಅಣ್ಣ ಈ ಹೊತ್ತಲ್ಲಿ ಮನೇಲೆಲ್ಲಿ ಇರ್ತಾರೆ ಸರ್, ಹಿನ್ನೀರಲ್ಲಿ ಇರ್ತಾರೆ. ನೀರಿಳಿದಿದೆಯಲ್ಲ" ಎಂದು ಆಟೋ ಹತ್ತಿಸಿದರು.

ಭದ್ರಾ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಊರಿನ ಅಂಚಿನಲ್ಲಿ ಚಪ್ಪಟೆ ನೆಲ ಏಳುತ್ತದೆ. ಗುಡ್ಡದ ಸೀಮೆಯಲ್ಲಿ ಅಷ್ಟು ಸಮತಟ್ಟು ಜಾಗ ಇನ್ನೆಲ್ಲಿ ಸಿಗಬೇಕು? ಇಸ್ಮಾಯಿಲ್ ಪ್ರತಿ ವರ್ಷ ಅಲ್ಲಿ ಊರಿನ ಮಕ್ಕಳಿಗಾಗಿ ಟ್ರ್ಯಾಕ್ ಹಾಕುತ್ತಾನೆ, ಜುಲೈಯಲ್ಲಿ ನೀರು ಅದನ್ನು ನುಂಗುತ್ತದೆ, ಮರುವರ್ಷ ಮತ್ತೆ ಹಾಕುತ್ತಾನೆ. ಲುಂಗಿ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ ಗೂಟ ಹೊಡೆಯುತ್ತಿದ್ದವನು ನನ್ನನ್ನು ಕಂಡು, "ದೇವೇಂದ್ರ! ಏನ್ ಮಾರಾಯ, ಕೋಚಿಗೆ ಇಂಥಾ ಹೊಟ್ಟೆ ಬರಬಹುದಾ?" ಎಂದು ಕೂಗಿದ. ಸಂಬಳ ನಿಂತ ಮೇಲೂ ಇವನಿಗೆ ಮೈದಾನವಿದೆ, ನನಗೆ ವಾಕಿಂಗ್ ಪಾರ್ಕ್.

ಒಪ್ಪಿಗೆಯ ಕಾಗದ ಕೊಟ್ಟೆ. ಓದಲೇ ಇಲ್ಲ. "ನಿಂಗೆ ಬರ್ಬೇಕಾದ್ದೇ ಬಿಡು" ಎಂದು ತೊಡೆಯ ಮೇಲಿಟ್ಟು ಸಹಿ ಹಾಕಿದ. ಒಂದು ಮಾತು ಬೈದಿದ್ದರೂ ನನಗೆ ಹಾಯೆನಿಸುತ್ತಿತ್ತು. "ಬಂದಿದ್ದೀಯಲ್ಲ, ಟೇಪಿನ ತುದಿ ಹಿಡ್ಕೋ" ಎಂದ.

ಹಿಡಿದೆ. ನೇರ ಭಾಗ ಐವತ್ತು ಮೀಟರ್, ಸರಿ. ಇನ್ನೂರರ ಟ್ರ್ಯಾಕಿಗೆ ಅಲ್ಲಿಂದ ತಿರುವಿನ ತ್ರಿಜ್ಯ ಹದಿನಾರಕ್ಕೂ ಸ್ವಲ್ಪ ಕಡಿಮೆ ಬರಬೇಕು. ಇದು ನಮ್ಮ ಕಸುಬಿನವರು ನಿದ್ದೆಯಲ್ಲೂ ಹೇಳುವ ಲೆಕ್ಕ. ಇಸ್ಮಾಯಿಲ್ ಹದಿನಾರೂವರೆ ದಾಟಿಸಿ ಗೂಟ ಇಟ್ಟ. ಸಿಕ್ಕಿಬಿದ್ದ ಎಂದು ನನಗೆ ಒಳಗೊಳಗೇ ಖುಷಿ.

"ತಪ್ಪಾಯ್ತು ನೋಡು. ಸುತ್ತಿಗೆ ಇನ್ನೂರ ನಾಲ್ಕು ಬರುತ್ತೆ" ಎಂದೆ.

"ತಪ್ಪಲ್ಲ, ಬೇಕಂತಲೇ ಹಾಕದು. ಶಶಿಕಲಾ ವರ್ಷದಲ್ಲಿ ಯಾರೋ ಕಮಿಟೀಲಿ ನಮ್ಮ ಟ್ರ್ಯಾಕ್ ಚಿಕ್ಕದು ಅಂದ್ರಲ್ಲ. ಸುದ್ದಿ ಬಂದ ಕೂಡ್ಲೇ ಅಳೆದೆ. ಇನ್ನೂರೇ ಬಂತು. ಅಷ್ಟು ದೊಡ್ಡೋರು ಅಳತೆ ಮಾಡಿ ಹೇಳಿದ ಮೇಲೆ ನನ್ನ ಟೇಪೇ ಸರಿ ಇಲ್ಲ ಅಂತ ಬಿಸಾಕಿದೆ. ಅವತ್ತಿಂದ ಯಾವ ಟೇಪಲ್ಲಿ ಅಳೆದ್ರೂ ನಾಲ್ಕು ಮೀಟರ್ ಜಾಸ್ತಿ ಹಾಕ್ತೀನಿ. ನಮ್ಮ ಮಕ್ಕಳ ಕಡೆ ಇನ್ನೊಂದ್ಸಲ ಯಾರೂ ಬೆರಳು ತೋರಿಸಬಾರದು ಮಾರಾಯ."

ಐದು ಸಾವಿರ ಮೀಟರಿಗೆ ಇಪ್ಪತ್ತೈದು ಸುತ್ತು. ಇವನ ಮಕ್ಕಳು ಹದಿನೆಂಟು ವರ್ಷದಿಂದ ಪ್ರತಿ ಓಟದಲ್ಲೂ ನನ್ನ ಸುಳ್ಳಿಗಾಗಿ ನೂರು ಮೀಟರ್ ಹೆಚ್ಚು ಓಡಿದ್ದರು. ಟೇಪಿನ ತುದಿ ಕೆಳಗಿಟ್ಟೆ. "ಇಸ್ಮಾಯಿಲ್, ಹಾಗಂದವನು ನಾನೇ. ಅಳೆದಿರಲಿಲ್ಲ. ನಿನ್ನ ಮೈದಾನ ನೋಡಿಯೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳಿದೆ."

ಅವನು ಗೂಟ ಹೊಡೆಯುವ ಸುತ್ತಿಗೆ ಕೆಳಗಿಟ್ಟ. ಆಮೇಲೆ ಬಂದ ದನಿ ನನಗೆ ಪರಿಚಯವಿರಲಿಲ್ಲ. "ಆ ಹುಡುಗಿ ಹತ್ರ ನಾನು ಕ್ಷಮೆ ಕೇಳಿದ್ದೆ ಕಣೋ. ನನ್ನ ಅಳತೆ ತಪ್ಪಿತ್ತಮ್ಮ, ನಿನ್ನ ಟೈಮಿಂಗ್ ಸರಿಯಿಲ್ಲ ಅಂತ ನನ್ನ ಬಾಯಲ್ಲೇ ಹೇಳಿಸಿದ್ಯಲ್ಲ." ಕಾಗದ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ಕಿತ್ತುಕೊಳ್ಳಲಿಲ್ಲ. "ನಂಗೆ ಹೇಳಿ ಎಂತ ಆಗ್ಬೇಕು? ಅವ್ಳಿಗೆ ಹೇಳು. ಮುಂದೆ ಕಾಡು, ಸಿಗ್ನಲ್ ಇರಲ್ಲ. ಬಸ್ ಹೊರಡೋ ಮೊದಲೇ ಹೇಳು." ಮತ್ತೆ ಬಗ್ಗಿ ಆ ಗೂಟ ಕಿತ್ತ. "ಹಿಡ್ಕೋ ತುದಿ" ಎಂದ. ಬಿಸಿಲು ನೆತ್ತಿ ಸುಡುತ್ತಿತ್ತು. ಎರಡೂ ತಿರುವುಗಳನ್ನು ಒಳಗೆ ತಂದು ಇನ್ನೂರಕ್ಕೆ ನಿಲ್ಲಿಸುವವರೆಗೆ ಇಬ್ಬರೂ ಅಳತೆ ಬಿಟ್ಟು ಬೇರೆ ಮಾತಾಡಲಿಲ್ಲ.

ಮೂರು ಗಂಟೆಗೆ ಶಿವಮೊಗ್ಗದ ಬಸ್ಸು. ಇಸ್ಮಾಯಿಲ್ ನಿಲ್ದಾಣಕ್ಕೆ ಬಂದ. ಬೀಳ್ಕೊಡಲು ಅಲ್ಲ, ನಾನು ಫೋನ್ ಮಾಡುತ್ತೇನೋ ಇಲ್ಲವೋ ನೋಡಲು. ಕಿಟಕಿಯ ಸೀಟಿನಲ್ಲಿ ಕೂತು ಶಶಿಕಲಾಳ ನಂಬರ್ ಒತ್ತಿದೆ. "ಸರ್, ಊರು ಮುಟ್ಟಿದ್ರಾ?" ಎಂದಳು. ಹೇಳಿದೆ. ರಿಲೇ ಓಟದಲ್ಲಿ ಬೇಟನ್ ಬೀಳಿಸಿದವನ ಹಾಗೆ ತೊದಲಿದೆ, ಆದರೆ ಒಂದನ್ನೂ ಬಿಡದೆ ಹೇಳಿದೆ.

ಅವಳು ಸಣ್ಣ ದನಿಯಲ್ಲಿ ಕೇಳಿದಳು, "ಹಾಗಾರೆ ಹದಿನೆಂಟು ನಲವತ್ತು ನಂದೇನಾ ಸರ್?"

"ನಿಂದೇ."

"ನಾನೇ ಓಡಿದ್ದಾ? ಪೂರ್ತಿ ಐದು ಸಾವಿರ?"

"ಪೂರ್ತಿ ಓಡಿದ್ದೆ, ಶಶಿಕಲಾ. ಆ ಪತ್ರ ನಾನು ಕಳಿಸುವುದಿಲ್ಲ."

ಅವಳು ಪತ್ರದ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಇಸ್ಮಾಯಿಲ್ ಸರ್ ಅಲ್ಲಿದಾರಾ? ಅವ್ರಿಗೆ ಕೊಡಿ ಸರ್, ಬೇಗ ಕೊಡಿ" ಎಂದಳು. ಕಿಟಕಿಯಿಂದ ಫೋನ್ ಕೆಳಗೆ ಕೊಟ್ಟೆ. ಇಸ್ಮಾಯಿಲ್ ಬೆನ್ನು ತಿರುಗಿಸಿ ಕಂಬದ ಹತ್ತಿರ ಹೋದ. "ಹೌದಮ್ಮ... ಹೌದು ಕಣಮ್ಮ, ನಿಂದೇ... ಅಳ್ಬೇಡ ಮಾರಾಯ್ತಿ" ಎನ್ನುತ್ತ ತಾನೇ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ನಕ್ಕ. ನನ್ನ ಮೂವತ್ತಮೂರು ವರ್ಷದಲ್ಲಿ ಯಾವ ಶಿಷ್ಯರೂ ನನ್ನ ಹತ್ತಿರ ಹಾಗೆ ಅತ್ತಿಲ್ಲ, ನನ್ನನ್ನು ಹಾಗೆ ನಗಿಸಿಲ್ಲ.

ಅಷ್ಟರಲ್ಲಿ ಬಸ್ಸು ಹೊರಟಿತು. ಈ ಬಸ್ಸು ಮಾತ್ರ ಸರಿಯಾಗಿ ಮೂರಕ್ಕೇ! ನಾನು ಕೂಗಿದೆ. ಇಸ್ಮಾಯಿಲ್ ತಿರುಗಿ ನೋಡಿ, ಲುಂಗಿ ಎತ್ತಿ ಹಿಡಿದು, ಫೋನನ್ನು ಕಿವಿಗಿಟ್ಟುಕೊಂಡೇ ಓಡಿ ಬಂದ. ಅರವತ್ತಮೂರಕ್ಕೂ ಏದುಸಿರಿಲ್ಲ. ಕಿಟಕಿಗೆ ಸಮನಾಗಿ ನಾಲ್ಕು ಹೆಜ್ಜೆ ಓಡಿ ಫೋನನ್ನು ನನ್ನ ಕೈಗಿಟ್ಟ, ಕೈ ಬೀಸದೆ ನಿಂತುಬಿಟ್ಟ. ಕಿವಿಗಿಟ್ಟುಕೊಂಡು ಹಲೋ ಎಂದೆ. ಲೈನ್ ಕಟ್ಟಾಗಿತ್ತು. ಕಾಡು ಶುರುವಾಗುವವರೆಗೂ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಅವಳು ನನಗೆ ಮತ್ತೆ ಫೋನ್ ಮಾಡಲಿಲ್ಲ.