ಮಾರಿಗೆ ತಿರುಗಿದ ಕನ್ನಡಿ

ತಿಕೋಟಾದಾಗ ಮಾಸ್ತರಗೋಳಿಗೆ ಆತ್ಮಾವಲೋಕನದ ಬಗ್ಗೆ ಭಾಷಣ ಮುಗಿಸಿ, ವಿಜಯಪುರಕ್ಕ ಹೊಂಟ ಟಂಟಂ ಆಟೋ ಹತ್ತಿ ಡ್ರೈವರನ ಬಾಜೂಕ ಕುಂತೆ. ಹಿಂದಿನ ಗಾಡಿ ಕಾಣಬೇಕಾದ ಕನ್ನಡಿ ಅವನ ಮಾರಿಗೇ ತಿರುಗಿತ್ತು. ಅವ ಮೀಸಿ ತೀಡಾಕತ್ತಿದ್ದ, ಹಿಂದ ಟ್ರಕ್ಕಿನಾಂವ ಒಂದೇ ಸವನ ಹಾರ್ನ್ ಹೊಡ್ಯಾಕತ್ತಿದ್ದ.

"ಹಿಂದ ನೋಡೋ ಯಪ್ಪಾ!" ಅಂದೆ.

"ಹಿಂದಿನಾಂವ ಹಾರ್ನ್ ಹೊಡದ ಹೇಳ್ತಾನ್ರಿ ಸರ. ನಾ ಮಾರಿ ಗಂಟ ಹಾಕ್ಕೊಂಡ್ರ ಹಾರ್ನ್ ಹೊಡಿಯವ್ರು ಯಾರ್ರಿ?" ಅಂದವನೇ ಕನ್ನಡಿ ನನ್ನ ಕಡೆ ತಿರುಗಿಸಿದ. "ನಿಮ್ಮದೂ ಒಂದೀಟ ನೋಡ್ಕೋರಿ."

ನೋಡಿದೆ. ಸಮಾಧಾನದಿಂದ ಬದುಕ್ರಿ ಅಂತ ಈಗಷ್ಟ ಹೇಳಿಬಂದ ಆಸಾಮಿ ಹುಬ್ಬ ಗಂಟ ಹಾಕ್ಕೊಂಡು ಕುಂತಿದ್ದ. ನಾಚಿಕಿ ಬಂದು, ಜಲನಗರದ ಮನಿ ಮುಟ್ಟೋತನಕ ನಗೋದು ರೂಢಿ ಮಾಡ್ಕೊಂಡೆ.

ನಕ್ಕೊಂತನ ಬಾಗಿಲ ಬಡದೆ. ಹೆಂಡತಿ ದಿಟ್ಟಿಸಿ ನೋಡಿ ಕೇಳಿದಳು: "ಯಾಕ್ರೀ, ಹಲ್ಲ ನೋಯಾಕತ್ತಾವೇನು?"

ನನಗ ಹಾರ್ನ್ ಹೊಡಿಯವ್ರು ಮನ್ಯಾಗೇ ಇದ್ರು.