ಖಳನಿಗೊಂದು ಪಿಂಡ

ಬೆಳಿಗ್ಗೆ ನಲ್ಲಿ ನಿಲ್ಲುವ ಮೊದಲು ನಾಲ್ಕು ಬಾಲ್ದಿ ನೀರು ಹಿಡಿದೆ. ಎಳ್ಳು ಆರಿಸಿದೆ. ಯಾತ್ರಿಕರ ಕೋಣೆಯ ಚಾಪೆ ಕೊಡವಿದೆ. ಮಂಗ ಹರಿದ ಪಂಚೆಗೆ ಹೊಲಿಗೆ ಹಾಕಿದೆ. ಪಿಂಡಕ್ಕೆ ಅನ್ನ ಬಸಿದೆ. ನಡುವೆ ಹಿಟ್ಟಿನ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು, ನನ್ನ ಕಥೆಯ ಖಳನನ್ನು ಮೂರನೇ ಸಲ ಕೊಂದೆ. ಈ ಸಲವೂ ಅವನು ಸಾಯಲಿಲ್ಲ. ಬದುಕಿದ್ದರಲ್ಲವೇ ಸಾಯುವುದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಗಂಗೆಯ ದಡದ ಹನುಮಾನ್ ಘಾಟಿನ ನಮ್ಮ ಮನೆಯಲ್ಲಿ ಯಜಮಾನರು ಕರ್ನಾಟಕದಿಂದ ಬಂದವರಿಗೆ ಶ್ರಾದ್ಧ ಮಾಡಿಸುತ್ತಿದ್ದರು. ನಾನು ಒಲೆಯ ಪಕ್ಕದಲ್ಲಿ ವಿಜ್ಞಾನ ಕಥೆ ಬರೆಯುತ್ತಿದ್ದೆ. ಚಂದ್ರನ ಮೇಲಿನ ಊರಿಗೆ ಗಂಗೆಯ ನೀರನ್ನೆಲ್ಲ ಸೆಳೆದುಕೊಳ್ಳುವವನ ಕಥೆ ಅದು. ಪತ್ರಿಕೆಯ ಸಂಪಾದಕರು ಅದನ್ನು ಹಿಂದಿರುಗಿಸಿದ್ದರು: ಯಂತ್ರ ನಂಬುವಂತಿದೆ, ನಡೆಸುವವನು ನಂಬುವಂತಿಲ್ಲ, ತಿದ್ದಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ ಎಂದು. ಅಂದಿನ ಟಪಾಲು ತಪ್ಪಿದರೆ ಗಡುವಿಗೆ ಮುಟ್ಟುವಂತಿರಲಿಲ್ಲ. ಇಪ್ಪತ್ತು ವರ್ಷ ಬರೆದವಳ ಒಂದು ಸಾಲೂ ಅಚ್ಚಾಗಿರಲಿಲ್ಲ. ಈ ಸಲ ಬಿಡಬಾರದೆಂದು ಗಟ್ಟಿಮಾಡಿಕೊಂಡಿದ್ದೆ.

ಮಗಳಿಗೆ ಕನ್ನಡ ಓದಲು ಬಾರದು, ನಾನೇ ಓದಿ ಹೇಳಬೇಕು. ಹಿಂದಿನ ದಿನ ಕೇಳಿಸಿಕೊಂಡು, "ಇವ್ನು ಯಾಕಮ್ಮ ಸುಮ್‌ಸುಮ್ನೆ ನಗ್ತಾನೆ? ಪಾಗಲ್ಲಾ?" ಎಂದಿದ್ದಳು.

ಅಂದಿನ ಯಾತ್ರಿಕರು ಒಬ್ಬ ಮುದುಕರು. ಅಂಗಳದಲ್ಲಿ ಅವರ ಹಿರಿಯರಿಗೆಲ್ಲ ಪಿಂಡವಾಯಿತು. ಕೊನೆಗೆ ಯಜಮಾನರು ವಾಡಿಕೆಯಂತೆ, ಗೆಳೆಯರು, ಆಳುಗಳು, ದಿಕ್ಕಿಲ್ಲದವರು ಯಾರಿದ್ದರೂ ಹೇಳಿ ಎಂದರು. ಮುದುಕರು ಒಂದು ಹೆಸರು ಹೇಳಿದರು. ಸಂಬಂಧ ಹೇಳದೆ ಮಂತ್ರ ಮುಂದೆ ಹೋಗುವಂತಿಲ್ಲ.

"ನಿಮಗೆ ಏನಾಗಬೇಕು ಅವರು?"

"ಏನೂ ಆಗಬೇಕಿಲ್ಲ ಭಟ್ರೇ. ಎರಡು ಮನೆಗೆ ಒಂದೇ ಬಾವಿ. ಬೆಳಕು ಹರಿಯೋ ಮುಂಚೆ ಎಲ್ಲಾ ಸೇದ್ಕೊಂಡು ನಮಗೆ ಕೆಸರು ಬಿಡ್ತಿದ್ದ. ಸಾಯೋವರೆಗೂ ಮಾತಾಡ್ಲಿಲ್ಲ ನಾನು. ಅವ್ನ ತಾಯಿ ಹಾಸಿಗೆ ಹಿಡಿದಿದ್ಲಂತೆ, ದಿನಕ್ಕೆ ಮೂರು ಸಲ ಒಗೀಬೇಕಿತ್ತಂತೆ. ಆಮೇಲೆ ಗೊತ್ತಾಯ್ತು."

"ಸಂಬಂಧ ಏನು ಹೇಳ್ಲಿ ಹಾಗಾದ್ರೆ? ವೈರಿ ಅನ್ನೋಕಾಗಲ್ಲವಲ್ಲ."

ಮುದುಕರು ದರ್ಭೆಯ ಉಂಗುರವನ್ನು ಒಂದು ಸುತ್ತು ತಿರುಗಿಸಿದರು. "ಕದ್ದಿದ್ದು ಕದ್ದಿದ್ದೇ. ನೆರೆಯವನು ಅನ್ನಿ."

ತಟ್ಟೆಯಲ್ಲಿ ಪಿಂಡ ಉಳಿದಿರಲಿಲ್ಲ. ಕಥೆಯ ಗುಂಗಿನಲ್ಲಿ ನಾನು ಮುದುಕರು ಬರೆದುಕೊಟ್ಟ ಚೀಟಿಯ ಹೆಸರುಗಳಷ್ಟೇ ಎಣಿಸಿ ಕಟ್ಟಿದ್ದೆ, ಹೆಚ್ಚಿಗೆ ಒಂದನ್ನೂ ಕಟ್ಟಿರಲಿಲ್ಲ. ಹೀಗೆ ಎಂದೂ ಆದದ್ದಿಲ್ಲ. ಯಜಮಾನರು ನನ್ನತ್ತ ನೋಡಿದರು. ಒಳಗೆ ಓಡಿ ಪಾತ್ರೆಯ ತಳ ಕೆರೆದು, ಎಳ್ಳು ಕಲೆಸಿ ಒಂದು ಉಂಡೆ ಕಟ್ಟುತ್ತಿದ್ದಾಗಲೇ ಹೊಳೆಯಿತು: ನನ್ನ ಖಳನಿಗೂ ನಾನು ಒಂದು ಹಿಡಿ ಅನ್ನ ತೆಗೆದಿಟ್ಟಿರಲಿಲ್ಲ.

ಪಾತ್ರೆ ತೊಳೆಯುವುದನ್ನು ಬಿಟ್ಟು ಕುಳಿತೆ. ಕೆಂಪು ಕಣ್ಣು ತೆಗೆದೆ, ಗಹಗಹಿಸುವ ನಗು ತೆಗೆದೆ. ಚಂದ್ರನ ಊರಿನಲ್ಲಿ ಹರಿಯುವ ನೀರನ್ನೇ ನೋಡದ ಮಕ್ಕಳನ್ನು ತಂದೆ. ಅವರಿಗೆ ಲೋಟದಲ್ಲಿ ಅಳೆದು ಕೊಟ್ಟು ಕೊನೆಗೆ ತಾನು ಕುಡಿಯುವವನು ಅವನೇ. ಕೆಳಗೆ ತರ್ಪಣಕ್ಕೂ ಬೊಗಸೆ ನೀರಿಲ್ಲ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದೂ ಗುಂಡಿ ಒತ್ತುತ್ತಾನೆ. ಅವನ ತಪ್ಪನ್ನು ಒಂದು ಚಮಚದಷ್ಟೂ ಇಳಿಸಲಿಲ್ಲ. ಆರು ಪುಟ ಆಯಿತು, ಕೈ ನೋಯಿತು, ನಿಲ್ಲಿಸಲಿಲ್ಲ.

ಮೂರು ಗಂಟೆಗೆ ಮಗಳಿಗೆ ಓದಿದೆ. ಕೋಚಿಂಗ್‌ಗೆ ಹೊರಟವಳು ಚಪ್ಪಲಿ ಹಾಕಿಕೊಂಡೇ ಹೊಸ್ತಿಲ ಮೇಲೆ ಕುಳಿತು ಕೇಳಿದಳು.

"ಇವ್ನನ್ನ ತಡೀಲೇಬೇಕಮ್ಮ," ಎಂದಳು. ಎದ್ದು ಚೀಲ ಹೆಗಲಿಗೇರಿಸುತ್ತಾ, "ಆದ್ರೆ ಯಾರು ತಡೀತಾರೆ? ನನ್ನ ಕೈಲಂತೂ ಆಗಲ್ಲ."

ಲಕೋಟೆ ಅಂಟಿಸಿ ಅವಳ ಕೈಗೇ ಕೊಟ್ಟೆ. ಲಂಕಾ ಬಡಾವಣೆಯ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ, ಸಂಜೆ ರಸೀದಿ ತಂದು ಎಳ್ಳಿನ ಡಬ್ಬಿಯ ಕೆಳಗಿಟ್ಟಳು.

ರಾತ್ರಿಗೆ ಮೊಸರವಲಕ್ಕಿ, ಮಧ್ಯಾಹ್ನದ ಹೆಸರುಬೇಳೆ ಪಾಯಸ, ಮಗಳು ಅಮರೂದ್ ಎಂದು ತಂದ ಎರಡು ಸೀಬೆಹಣ್ಣು. ಪಾತ್ರೆಗಳನ್ನು ಯಜಮಾನರೇ ತೊಳೆದರು. ಆ ಮನೆಯಲ್ಲಿ ಅಂದು ಎಲ್ಲರಿಗಿಂತ ಮೊದಲು ಮಲಗಿದವಳು ನಾನು.