ವಜೀಫಾ ಕೇಳಲು ಎರವಲು ಶೇರವಾನಿ

ಬೇಸಾಯದ ಕಾಲೇಜಿಗೆ ಹೋಗಲು ವಜೀಫಾ, ಅಂದರೆ ಸರ್ಕಾರದ ವಿದ್ಯಾರ್ಥಿವೇತನ, ಸಿಗದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಇಷ್ಟು ಮಾತ್ರ ಖಚಿತ. ಉಳಿದದ್ದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಯಾವುದು ನಡೆದದ್ದು, ಯಾವುದು ನಾನು ಸೇರಿಸಿದ್ದು ಎಂದು ಈಗ ನನಗೇ ತಿಳಿಯದು.

ಸ್ವಂತ ಕೈಯಿಂದ ಉಳುವವರ ಮಕ್ಕಳಿಗೆ ಮಾತ್ರ ಆ ವಜೀಫಾ. ನಾವು ಉಳುವವರೇ ಎಂದು ಕಣ್ಣಾರೆ ನೋಡಲು ಕಲಬುರ್ಗಿಯಿಂದ ಸಾಹೇಬರೊಬ್ಬರು ನಮ್ಮ ಸರಸಂಬಾಕ್ಕೆ ಬಂದರು. ಎಳ್ಳಮಾವಾಸ್ಯೆಯ ದಿನ, ಊರೆಲ್ಲ ಹೊಲದಲ್ಲಿತ್ತು. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಊಟಕ್ಕೆ ಕೂಡುವ ಹೊತ್ತು.

ಬೇಡುವಾಗಲೂ ಮಾನದಿಂದ ಬೇಡಬೇಕು ಎನ್ನುವವನು ನಮ್ಮಪ್ಪ. ಹಾಗಾಗಿ ಗೌಡರ ಮನೆಯ ಕುರ್ಚಿ ಗಾಡಿಯಲ್ಲಿ ಹೊಲಕ್ಕೆ ಬಂದಿತ್ತು. ಯಾರದೋ ಜಮಖಾನ, ಯಾರದೋ ಬೆಳ್ಳಿ ಲೋಟ. ನನ್ನ ಮೈಮೇಲೆ ಶಾಲೆಯ ಮಾಸ್ತರರ ಶೇರವಾನಿ. ಅದು ಕಪ್ಪೆಂದು ನನ್ನ ನೆನಪು, ಅಕ್ಕ ಹಸಿರೆನ್ನುತ್ತಾಳೆ.

ಸಾಹೇಬರು ಕುರ್ಚಿ ನೋಡಿದರು, ಲೋಟ ನೋಡಿದರು, ನನ್ನನ್ನು ನೋಡಿದರು. ಕೂಡಲಿಲ್ಲ.

"ಇದು ಜಾಗೀರದಾರರ ಮನೆತನ ಕಾಣ್ತದ. ಈ ವಜೀಫಾ ನಿಮಗಲ್ರಿ," ಎಂದು ಟಾಂಗಾದ ಕಡೆ ತಿರುಗಿದರು.

ಎರವಲು ಎಂದರೆ ಅಪ್ಪನ ಮಾನ ಹೋಗುತ್ತದೆ, ಅನ್ನದಿದ್ದರೆ ವಜೀಫಾ. ಪಕ್ಕದ ಹೊಲದಲ್ಲಿ ಉಣ್ಣುತ್ತಿದ್ದ ಗೌಡರ ಹೆಂಡತಿ ಕೈ ತೊಳೆದುಕೊಂಡು ಎದ್ದು ಬಂದರು.

"ಕುರ್ಚಿ ನಮ್ದರಿ ಸಾಹೇಬ್ರ. ನಾಳೆ ಒಯ್ಯೋದು ಈಗೇ ಒಯ್ತೇನಿ."

ಅಷ್ಟಕ್ಕೆ ಉಳಿದವರಿಗೂ ಧೈರ್ಯ ಬಂತು. ಜಮಖಾನದವರು ಜಮಖಾನ ಸುತ್ತಿದರು. ಲೋಟದವಳು ಸಾಹೇಬರಿಗೆಂದು ತುಂಬಿಟ್ಟಿದ್ದ ಅಂಬಲಿಯನ್ನು ಮಣ್ಣಿನ ಕುಡಿಕೆಗೆ ಸುರಿದು ಲೋಟ ಸೆರಗಿನಲ್ಲಿ ಒರೆಸಿಕೊಂಡಳು. ಕೊನೆಗೆ ಮಾಸ್ತರರು ಬಂದು ನನ್ನ ಗುಂಡಿ ಬಿಚ್ಚತೊಡಗಿದರು.

"ಮೆಲ್ಲಕ ಕೈ ತಗೀಲೇ, ತೋಳು ಹರೀತದ."

ಶೇರವಾನಿ ಅಲ್ಲಿ ಬಿಚ್ಚಲೇ ಇಲ್ಲ ಎಂದು ಅಕ್ಕನ ವಾದ. ಹಾಗಾದರೆ ತೇಪೆ ಹಾಕಿದ ಅಂಗಿಯೊಳಗೆ ಹೊಕ್ಕ ಆ ಚಳಿಗಾಳಿ ನನಗೆ ಎಲ್ಲಿಂದ ಬಂತು? ಆದರೆ ಗಾಳಿ ಹುಟ್ಟಿಸುವುದು ನೆನಪಿಗೆ ದೊಡ್ಡ ಕೆಲಸವೇನಲ್ಲ.

ಉಳಿದದ್ದು ಅವ್ವನ ಕಂಬಳಿ, ಸೊಪ್ಪು-ಕಾಳು ಬೇಯಿಸಿದ ಭಜ್ಜಿಯ ಗಡಿಗೆ, ಸಜ್ಜೆ ರೊಟ್ಟಿ. ಸಾಹೇಬರು ಬೂಟು ಬಿಚ್ಚಿ ಕಂಬಳಿಯ ಮೇಲೆ ಕೂತರು. ಅಪ್ಪನ ಅಂಗೈ ನೋಡಿ, ಇದನ್ನೇ ಮೊದಲು ತೋರಿಸಬಾರದಿತ್ತೇ ಎಂದರು.

"ಇಂಥಾ ಕೈ ದೊಡ್ಡವರಿಗೆ ಹ್ಯಾಂಗ ತೋರ್ಸೋದ್ರಿ?" ಎಂದ ಅಪ್ಪ.

ಸಾಹೇಬರು ನಕ್ಕು ಇನ್ನೊಂದು ರೊಟ್ಟಿ ಕೇಳಿದರು. ವಜೀಫಾ ಸಿಕ್ಕಿತು.

ಮರುವರ್ಷ ಊರಿನ ಇನ್ನೊಬ್ಬ ಹುಡುಗನ ಸರದಿ. ಊರು ಪಾಠ ಕಲಿತಿತ್ತು: ಸಾಹೇಬರು ಬರುವ ಮೊದಲು ಆ ಹುಡುಗನ ಮನೆಯ ಒಳ್ಳೆಯ ರುಮಾಲು, ಹಿತ್ತಾಳೆ ಕೊಡ, ಕಡೆಗೆ ಎತ್ತುಗಳನ್ನೂ ಮರೆಮಾಡಿದರು. ಎತ್ತಿಲ್ಲದೆ ಹೇಗೆ ಉಳುತ್ತೀರಿ ಎಂದು ಸಾಹೇಬರು ಕೇಳಿದರಂತೆ. ಇದು ಮಾತ್ರ ನಾನು ಕಂಡದ್ದಲ್ಲ, ನಾನಾಗ ಕಾಲೇಜಿನಲ್ಲಿದ್ದೆ.